ಕಾಜ ಒಂದು ಬಾಕಿ

ಆ ದರ್ಜಿಯನ್ನು ಬೀದಿಯವರೆಲ್ಲ ‘ನಾಳೆ ತಾತ’ ಎಂದೇ ಕರೆಯುತ್ತಿದ್ದರು. ಹೊಲಿಗೆಯಲ್ಲಿ ಒಂದು ಎಳೆಯೂ ಆಚೀಚೆ ಆಗದ ಮನುಷ್ಯ, ಮಾತಿನಲ್ಲಿ ಮಾತ್ರ ಒಂದು ದಿನವೂ ನೆಟ್ಟಗಿರಲಿಲ್ಲ. ಬಟ್ಟೆ ಕೇಳಿಕೊಂಡು ಬಂದವರಿಗೆ ಕಣ್ಣು ಮಿಟುಕಿಸದೆ, “ಕಾಜ ಒಂದು ಬಾಕಿ, ನಾಳೆ ಬನ್ನಿ” ಎನ್ನುತ್ತಿದ್ದ. ಕತ್ತರಿಯೇ ತಾಕದ ಬಟ್ಟೆಗೆ ಗುಂಡಿ ತೂರಿಸುವ ಕಾಜವಂತೆ ಕಾಜ!

ಎಂಟು ವರ್ಷದ ಮೊಮ್ಮಗಳು ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲೇ ಕೂರುತ್ತಿದ್ದಳು. ಎದುರಿನ ಆಟಿಕೆ ಅಂಗಡಿಯ ಹಳದಿ ಕ್ರೇನು ಅವಳ ತಲೆ ಕೆಡಿಸಿತ್ತು. ಗುಂಡಿ ಒತ್ತಿದರೆ ಕತ್ತು ಎತ್ತುತ್ತದೆ, ಕೊಕ್ಕೆ ಇಳಿಸುತ್ತದೆ. ಬೆಲೆ ಕೇಳಿದ ಅಮ್ಮ, ಅಷ್ಟು ದುಬಾರಿಯದು ಬೇಕಿದ್ದರೆ ನೀನೇ ದುಡ್ಡು ಕೂಡಿಸಿಕೋ ಎಂದು ಕೈ ತೊಳೆದುಕೊಂಡಳು. ತಾತ ಸಹಾಯ ಮಾಡುತ್ತೇನೆಂದು ಬಾಯಿ ಜಾರಿ ಅಂದುಬಿಟ್ಟ. ಹುಡುಗಿ ಖಾಲಿ ಗುಂಡಿ ಡಬ್ಬಿ ತಂದಿಟ್ಟು ಕಾನೂನು ಮಾಡಿಯೇಬಿಟ್ಟಳು: ಒಂದು ಸುಳ್ಳು ‘ನಾಳೆ’ಗೆ ಒಂದು ನಾಣ್ಯ.

ಮೊದಲ ವಾರ ತಾತ ಬೆವರಿಹೋದ. ಗಿರಾಕಿಗಳಂತೂ ಬೇಕೆಂದೇ ದಿನಕ್ಕೆರಡು ಸಲ ಬಂದು ಕೇಳಿ ಮಜಾ ತೆಗೆದುಕೊಂಡರು. ಡಬ್ಬಿ ಭಾರವಾಯಿತು, ತಾತನ ಜೇಬು ಹಗುರವಾಯಿತು. ಕೊನೆಗೆ ಅವನಿಗೆ ರೋಷ ಬಂತು. ಹರಟೆ ಬಿಟ್ಟ, ಮಧ್ಯಾಹ್ನದ ನಿದ್ದೆ ಬಿಟ್ಟ, ಹೇಳಿದ ದಿನಕ್ಕೆ ಬಟ್ಟೆ ಕೊಡತೊಡಗಿದ. ನಲವತ್ತು ವರ್ಷದಲ್ಲಿ ಆಗದ್ದು ಆಗಿಹೋಯಿತು.

ಆದರೆ ಡಬ್ಬಿಗೆ ನಾಣ್ಯ ಬೀಳುವುದು ನಿಂತಿತು. ಇನ್ನೊಂದೇ ನಾಣ್ಯ ಸಾಕು ಎನ್ನುವಾಗ ತಾತ ಸತ್ಯವಂತನಾಗಿ ಕೂತಿದ್ದ. ಆಟಿಕೆ ಅಂಗಡಿಯವನು ಉಳಿದಿರುವುದು ಅದೊಂದೇ ಕ್ರೇನು, ಸಂಜೆ ಬೇರೆಯವರು ಒಯ್ಯುತ್ತಾರೆ ಎಂದಿದ್ದ. ಒಂದು ನಾಣ್ಯ ಸುಮ್ಮನೆ ಕೊಡುತ್ತೇನೆಂದು ತಾತ ಅಂದರೆ, ಹುಡುಗಿ ಕಾನೂನು ಕಾನೂನೇ ಎಂದು ಮುಖ ತಿರುಗಿಸಿದಳು. ಅವಳ ಸಪ್ಪೆ ಮುಖ ತಾತನಿಗೆ ನೋಡಲಾಗಲಿಲ್ಲ.

ಅಷ್ಟರಲ್ಲಿ ಹೊಸ ಬಸ್ ಕಂಡಕ್ಟರ್ ಸಮವಸ್ತ್ರ ಕೇಳಿಕೊಂಡು ಬಂದ. ಅದು ಇಸ್ತ್ರಿಯಾಗಿ ತಾತನ ಬೆನ್ನ ಹಿಂದೆಯೇ ತೂಗುತ್ತಿತ್ತು. ತಾತ ಅದಕ್ಕೆ ಅಡ್ಡ ನಿಂತು, ಗಂಟಲು ಸರಿಮಾಡಿಕೊಂಡು, “ಕಾಜ ಒಂದು ಬಾಕಿ, ನಾಳೆ ಬನ್ನಿ” ಎಂದ.

ಕಂಡಕ್ಟರನ ಮುಖ ಬಿಳಿಚಿಕೊಂಡಿತು. ನಾಳೆ ಬೆಳಗ್ಗೆಯೇ ಮೊದಲ ಡ್ಯೂಟಿ, ಸಮವಸ್ತ್ರ ಇಲ್ಲದಿದ್ದರೆ ಬಸ್ ಹತ್ತಿಸುವುದಿಲ್ಲ ಎಂದು ತೊದಲಿದ. ತಾತ ಬಾಯಿ ತೆರೆಯುವ ಮೊದಲೇ ಹುಡುಗಿ ಸ್ಟೂಲು ಹತ್ತಿ ಸಮವಸ್ತ್ರ ಇಳಿಸಿ ಅವನ ಕೈಗಿತ್ತಳು. ಅವನು ಎದೆಗವಚಿಕೊಂಡು ಹೋದ.

ತಾತನಿಗೆ ನಾಚಿಕೆಯಾಯಿತು, ಅವಳ ಮೇಲೆ ಹೆಮ್ಮೆಯೂ ಉಕ್ಕಿತು. ಕ್ರೇನು ಕೈತಪ್ಪಿತಲ್ಲ ಎಂದು ಅವಳ ತಲೆ ಸವರಲು ಹೋದರೆ, ಡಬ್ಬಿ ಮೂಗಿನ ಕೆಳಗೇ ಬಂತು.

“ಬಟ್ಟೆ ಕೊಟ್ಟಾಯ್ತಲ್ಲೇ?” ಎಂದ ತಾತ.

“ಕೊಟ್ಟಿದ್ದು ನಾನು, ತಾತ. ಸುಳ್ಳು ಹೇಳಿದ್ದು ನೀನು.”