ಹುಲ್ಲಿನ ಹಿಂದೆ ಹೊರಟ ಅತಿಥಿಗೃಹ

ದೋಲ್ಗೋರ್ ತನ್ನನ್ನು ತಾನೇ ಪ್ರವಾಸೋದ್ಯಮಿ ಎಂದು ಕರೆದುಕೊಳ್ಳಲು ಶುರುಮಾಡಿ ಎರಡು ಬೇಸಿಗೆಯಾಗಿತ್ತು. ಉದ್ಯಮವೆಂದರೆ ಇಷ್ಟೇ: ತಾವಿರುವ ಗೆರ್‌ನ ಪಕ್ಕದಲ್ಲಿ ಉಣ್ಣೆಕಂಬಳಿ ಹೊದ್ದ ಅಂಥದೇ ಇನ್ನೊಂದು ದುಂಡುಮನೆ, ಒಳಗೆ ನಾಲ್ಕು ಮಂಚ, ನಡುವೆ ಒಣಸೆಗಣಿಯ ಒಲೆ. ತುಂಬಿತುಳುಕುವ ವ್ಯಾನಿನಲ್ಲಿ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಬಂದವರು ಅಲ್ಲಿ ಮಲಗಿ, ಉಪ್ಪುಚಹಾ ಕುಡಿದು, ಹೊಳೆಯಲ್ಲಿ ಮುಖ ತೊಳೆದು ಹೋಗುತ್ತಿದ್ದರು. ಗಂಡ ಶಾರವ್‌ನ ಪ್ರಕಾರ ಅವರೆಲ್ಲ ನೆಂಟರು. ದುಡ್ಡು ಕೊಟ್ಟು ಹೋಗುವ ನೆಂಟರಾದ್ದರಿಂದ ಆತ ತಕರಾರು ತೆಗೆದಿರಲಿಲ್ಲ.

ಹೊಳೆಯ ಮೇಲ್ಗಡೆ ಪುರೆವ್‌ನ ಪ್ರಕೃತಿಧಾಮವಿತ್ತು. ಕುರಿಗಾಹಿಯ ಮಗನಾಗಿ ಹುಟ್ಟಿ, ರಾಜಧಾನಿ ಉಲಾನ್‌ಬಾತರಿನಲ್ಲಿ ಹೊಟ್ಟೆ ಬೆಳೆಸಿಕೊಂಡು ಮರಳಿದ ಪುರೆವ್ ದೊಡ್ಡ ಕಾರಿನಿಂದ ಇಳಿಯುವವರನ್ನು ಮಾತ್ರ ಇರಿಸಿಕೊಳ್ಳುತ್ತಿದ್ದ. ಪರಿಸರಕ್ಕೆ ಎಷ್ಟು ಹತ್ತಿರವೋ ಬಾಡಿಗೆ ಅಷ್ಟು ಜಾಸ್ತಿ ಎಂಬುದು ಅವನ ಸಿದ್ಧಾಂತ.

ಒಂದು ದಿನ ಅವನೇ ಬಂದ.

"ಅಕ್ಕ, ನಮ್ಮಲ್ಲಿಗೆ ಬರೋರಿಗೆ ನಿಜವಾದ ಕುರಿಗಾಹಿ ಬದುಕು ನೋಡ್ಬೇಕಂತೆ. ತಿಂಗಳ ಕೊನೇಲಿ ದೊಡ್ಡ ತಂಡ ಬರುತ್ತೆ, ದಿನಾ ನಿಮ್ಮಲ್ಲಿಗೇ ಕಳಿಸ್ತೀನಿ. ಆದ್ರೆ ನೀವು ಇಲ್ಲಿಂದ ಅಲ್ಲಾಡಬಾರದು. ದಾರಿಯ ನಕ್ಷೆ ಎಲ್ಲಾರಿಗೂ ಹೋಗಿಬಿಟ್ಟಿದೆ."

"ಅಲ್ಲಾಡಲ್ಲ ಹೋಗಪ್ಪ," ಅಂದಳು ದೋಲ್ಗೋರ್, ಆಗಲೇ ಹೊಸ ಹಾಸಿಗೆಗಳ ಕನಸು ಕಾಣುತ್ತ.

ಹುಲ್ಲಿಗೆ ಈ ಒಪ್ಪಂದ ಗೊತ್ತಿರಲಿಲ್ಲ. ಅದು ಮುಗಿಯುತ್ತಾ ಬಂತು.

"ಮುದುಕಿ, ಮೇಲಿನ ಕಣಿವೆಗೆ ಹೋಗ್ಬೇಕು. ಈಗ ಕೊಬ್ಬು ಹಿಡೀದಿರೋ ಕುರಿ ಚಳಿಗಾಲ ದಾಟಲ್ಲ," ಎಂದ ಶಾರವ್.

"ಒಂದು ವಾರ ತಡಿ ಮುದುಕ. ಇವತ್ತೋ ನಾಳೆಯೋ ದೊಡ್ಡೋರು ಬರ್ತಾರೆ."

"ಬಂದು ಏನ್ ಮಾಡ್ತಾರೆ? ಕುರಿ ಮೂಳೆ ಎಣಿಸ್ತಾರಾ?"

ಅತಿಥಿ ಗೆರ್‌ನಲ್ಲಿ ಆಗ ಇದ್ದವಳು ಸೊಲೊಂಗೊ ಒಬ್ಬಳೇ. ರಜೆಗೆ ಬಂದ ಶಾಲಾ ಟೀಚರಮ್ಮ. ಕೈಯಲ್ಲಿ ಕಾಸು ಕಡಿಮೆಯಿದ್ದುದರಿಂದ ಅರ್ಧ ಬಾಡಿಗೆಯನ್ನು ಹಾಲು ಕರೆದು ತೀರಿಸುತ್ತಿದ್ದಳು. "ಅಕ್ಕ, ನಾನು ಬಂದಾಗ ಇಲ್ಲಿ ಹುಲ್ಲಿತ್ತು. ಈಗ ನಮ್ಮೂರ ಬಸ್‌ಸ್ಟ್ಯಾಂಡ್ ಥರಾ ಆಗಿದೆ," ಎಂದಳು.

ಮರುದಿನ ಬೆಳಗ್ಗೆ ದೋಲ್ಗೋರ್ ಒಂದು ಕುರಿಯ ಬೆನ್ನ ಮೇಲೆ ಕೈಯಾಡಿಸಿದಳು. ಬಾಚಣಿಗೆ ಮುಟ್ಟಿದ ಹಾಗಾಯಿತು. ಒಳಗಿದ್ದವರನ್ನು ಕೂಗಿ, "ಗೆರ್ ಬಿಚ್ಚಿ," ಎಂದಳು.

ಎರಡೂ ಗೆರ್ ಮಡಚಿಕೊಂಡು ಯಾಕ್ ಎತ್ತಿನ ಬಂಡಿ ಹತ್ತಿದವು. ದೋಲ್ಗೋರ್ ಗೂಟದ ಕುಳಿಗಳನ್ನು ಮುಚ್ಚಿ, ಬೂದಿ ಹೂತು, ಹಗ್ಗದ ಚೂರನ್ನೂ ಬಿಡದೆ ಹೆಕ್ಕಿದಳು. ಬಿಟ್ಟುಬಂದ ಜಾಗದಲ್ಲಿ ಕಸ ಉಳಿದರೆ ಅವಳಮ್ಮ ಊಟ ಹಾಕುತ್ತಿರಲಿಲ್ಲ. ಕೊನೆಗೆ ಉಳಿದದ್ದು ಬಿಳಿಚಿದ ಹುಲ್ಲಿನ ಎರಡು ವೃತ್ತ. ಒಂದು ಮನೆ, ಇನ್ನೊಂದು ಉದ್ಯಮ.

ಕಣಿವೆಯ ದಾರಿ ಪುರೆವ್‌ನ ಧಾಮದ ಮುಂದೆಯೇ ಹೋಗುತ್ತಿತ್ತು. ತಂಡ ಹಿಂದಿನ ಸಂಜೆಯೇ ಬಂದಿಳಿದಿತ್ತು. ದೋಲ್ಗೋರ್ ತಲೆವಸ್ತ್ರವನ್ನು ಹುಬ್ಬಿನವರೆಗೆ ಎಳೆದುಕೊಂಡಳು. "ಬೇಗ ಹೊಡಿ. ಕಂಡ್ರೆ ಜಗಳಕ್ಕೆ ಬರ್ತಾನೆ."

"ಬೇಗ ಅನ್ನೋ ಮಾತು ಈ ಯಾಕ್ ಎತ್ತಿಗೆ ಯಾರೂ ಕಲಿಸಿಲ್ಲ," ಎಂದ ಶಾರವ್.

ಪುರೆವ್ ಕೆಂಪಗಾಗಿ ಹೊರಗೆ ಬಂದ. ಬಾಯಿ ತೆರೆದ. ಅಷ್ಟರಲ್ಲಿ ಬಂಡಿಯ ಮೇಲೆ ಒಲೆಯ ಕೊಳವೆ ಕಣ್ಣಿಗೆ ಬಿತ್ತು. ಮನೆ ಹೊತ್ತು ಹೊರಟವರು ಬಾಗಿಲ ಮುಂದೆ ಹಾದಾಗ ಚಹಾ ಕೊಡದೆ ಬಿಡುವುದು ಆ ಬಯಲಿನಲ್ಲಿ ಯಾರಿಂದಲೂ ಆಗದು. ಬಾಯಿ ತೆರೆದೇ ಇತ್ತು, ಅವನ ಕಾಲು ಅಡುಗೆಮನೆಗೆ ಹೋಯಿತು. ಕೆಟಲ್ ತಂದು, ಬಟ್ಟಲು ತುಂಬಿಸಿ, ಎರಡೂ ಕೈಯಲ್ಲಿ ಕೊಟ್ಟು, "ಹೊಸ ಜಾಗ ಹಸನಾಗಿರಲಿ ಅಕ್ಕ," ಎಂದ. ಆಮೇಲೆ ಬೈಯಲು ಶುರುಮಾಡಿದ. "ನನ್ನ ಮರ್ಯಾದೆ ತೆಗೆದ್ರಲ್ಲ. ಇವರಿಗೆ ಈಗ ಏನ್ ತೋರಿಸ್ಲಿ?"

ಅಷ್ಟರಲ್ಲಿ ಅತಿಥಿಗಳೆಲ್ಲ ಬಂಡಿಯ ಸುತ್ತ ಸೇರಿದ್ದರು. ಬೆಳ್ಳಿಗೂದಲ ವಿದೇಶಿ ಮಹಿಳೆಯೊಬ್ಬಳು, ಇದೇನೆಂದು ಕೇಳಿದಳು. ಪುರೆವ್ ತಕ್ಷಣ ಎದೆಯುಬ್ಬಿಸಿ, ಇದು ವಲಸೆ, ನಮ್ಮ ಕಾರ್ಯಕ್ರಮದಲ್ಲೇ ಇದೆ ಎಂದ. ಶಾರವ್‌ಗೆ ಚಹಾ ನೆತ್ತಿಗೇರಿತು.

ಎಲ್ಲರೂ ಬಂಡಿಯ ಹಿಂದೆಯೇ ಹೊರಟರು. ಮೇಲಿನ ಕಣಿವೆಯಲ್ಲಿ ಅತಿ ಕಡಿಮೆ ಬಾಡಿಗೆ ಕೊಟ್ಟ ಸೊಲೊಂಗೊ, ಅತಿ ಹೆಚ್ಚು ಕೊಟ್ಟವರಿಗೆ ಗೆರ್ ಕಟ್ಟಲು ಹಗ್ಗ ಎಳೆಯುವುದನ್ನು ಹೇಳಿಕೊಟ್ಟಳು. ದುಬಾರಿ ಜಾಕೆಟ್ಟುಗಳಿಗೆಲ್ಲ ಮಸಿ ಹತ್ತಿತು. ಬೆಳ್ಳಿಗೂದಲಿನವಳು ಬುಟ್ಟಿ ಹಿಡಿದು ಹೋದವರ್ಷದ ಒಣಸೆಗಣಿ ಹೆಕ್ಕಿದಳು. ಪುರೆವ್ ಹಿಂದೆಯೇ ಓಡುತ್ತ, ಹಸಿಯದು ಬೇಡವೆಂದು ಬೇಡಿಕೊಳ್ಳುತ್ತಿದ್ದ.

ಕುರಿಗಳು ತಲೆ ಎತ್ತದೆ ಮೇಯುತ್ತಿದ್ದವು. ದೋಲ್ಗೋರ್ ಅವನ್ನೇ ನೋಡುತ್ತ ಕೂತಿದ್ದಳು. ಪುರೆವ್ ಬೆವರೊರೆಸಿಕೊಂಡು ಪಕ್ಕದಲ್ಲಿ ಕುಕ್ಕರಿಸಿದ.

"ನಾಳೆಯಿಂದ ಇಲ್ಲಿಗೇ ಕಳಿಸ್ತೀನಿ. ಆದ್ರೆ ಮುಂದಿನ ಸಲ ಹೊರಡೋ ದಿನ ಮೊದ್ಲೇ ಹೇಳಿ ಅಕ್ಕ. ಆ ದಿನಕ್ಕೆ ಬೇರೇನೇ ರೇಟು ಇಡ್ಬೇಕು."

"ನನಗೇನು ಗೊತ್ತು?" ಎಂದಳು ದೋಲ್ಗೋರ್. "ಹೋಗಿ ಕುರಿಗಳನ್ನ ಕೇಳು."