ಕಾಮಾಕ್ಷಿಪಾಳ್ಯದ ಮಹಡಿ ಮನೆ

ದಾವಣಗೆರೆ ಬಿಟ್ಟು ಬೆಂಗಳೂರಿನಲ್ಲೇ ನೆಲೆಸೋಣವೆಂದು, ನಾದಸ್ವರ ನುಡಿಸುವ ನಮ್ಮ ಯಜಮಾನರ ಜೊತೆ ಮನೆ ಹುಡುಕಲು ಬಂದಿದ್ದೇನೆ. ನಂದಿನಿ ಲೇಔಟಿನಲ್ಲಿ ವಾದ್ಯದ ಉದ್ದ ನೋಡಿಯೇ ಮನೆ ಇಲ್ಲ ಎಂದುಬಿಟ್ಟರು. ಕಾಮಾಕ್ಷಿಪಾಳ್ಯದ ಈ ಮಹಡಿ ಮನೆಯ ಕೆಳಗೆ ಲೇತ್ ಮಿಷಿನ್ನಿನ ಸದ್ದು. ಮನೆಯೊಡತಿ ಗೌರಮ್ಮ, "ದಿನಾ ನುಡಿಸ್ತೀರಾ? ಎಷ್ಟು ಜೋರು ಅಂತ ಕೇಳ್ಬಿಟ್ಟೇ ಹೇಳ್ತೀನಿ" ಎಂದರು.

ಇವರು ಮೆಟ್ಟಿಲ ಮೇಲೆ ನಿಂತು ಊದಿದರು. ಲೇತ್ ನಿಂತಿತು. ಎದುರು ಮನೆಯಾಕೆ ಒದ್ದೆ ಕೈಯಲ್ಲೇ ಓಡಿಬಂದು, "ಏನ್ ಗೌರಮ್ಮ, ಮನೇಲಿ ಮದುವೆ ಇಟ್ಕೊಂಡು ಒಂದ್ಮಾತೂ ಹೇಳ್ಲಿಲ್ವಲ್ಲ" ಎಂದು ಮುನಿಸಿಕೊಂಡರು.

ನಾನು ಗೌರಮ್ಮನ ಮುಖವನ್ನೇ ನೋಡುತ್ತಿದ್ದೆ. ಅವರು ನಗು ತಡೆಯಲಾಗದೆ, "ಮದುವೆ ಅಲ್ಲ ಕಣೇ, ನಮ್ಮ ಮಹಡಿಗೆ ಬರೋರು. ಇನ್ಮೇಲೆ ದಿನಾ ಹಿಂಗೇ ಊದ್ತಾರೆ, ಊಟ ಹಾಕ್ತಾರೆ ಅಂತ ಕಾಯ್ಬೇಡ" ಎಂದರು.