ಘಾಟ್ಕೋಪರ್ ಮೇಲೆ ಹಾಯ್ದು ಬೆಂಗಳೂರಿಗೆ

ಬೊಂಬಾಯಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದೂವರೆ ಗಂಟೆ. ದೂರ ಎಂಟುನೂರು ಚಿಲ್ಲರೆ ಕಿಲೋಮೀಟರ್. ಬೊರಿವಲಿಯ ನಮ್ಮ ಚಾಳಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಒಂದು ವಾರ ಇದನ್ನೇ ಒಪ್ಪಿಸಿದ್ದೆ. ಗುರುವಾರ ಬೆಳಿಗ್ಗೆ ತಂಗಿ ಸುಮಾಳ ಮದುವೆ. ಲಾಜಹೋಮದಲ್ಲಿ ಅವಳ ಕೈಗೆ ಅರಳು ಹಾಕಲು ಇರುವ ಒಬ್ಬನೇ ಅಣ್ಣ ನಾನು. ಆಫೀಸಿನಲ್ಲಿ ರಜೆ ಕೊಟ್ಟದ್ದು ಬುಧವಾರದಿಂದ. ಅಂದು ರೈಲು ಹತ್ತಿದರೆ ಮುಹೂರ್ತ ತಪ್ಪುತ್ತಿತ್ತು. ಮುಕ್ಕಾಲು ತಿಂಗಳ ಸಂಬಳ ಸುರಿದು ವಿಮಾನದ ಟಿಕೆಟ್ ತೆಗೆಸಿದೆ.

ವಿಮಾನ ನಾಲ್ಕಕ್ಕೆ. ಊಟ ಮುಗಿಸಿ ಒಂದಕ್ಕೆ ಹೊರಟರೆ ಧಾರಾಳವಾಯಿತು ಎಂದುಕೊಂಡಿದ್ದೆ. ಜೊತೆಗಿದ್ದ ಸೋದರತ್ತೆ ಪಂಚಾಂಗ ಹಿಡಿದು ಬಂದರು.

"ಒಂದು ಗಂಟೆ ಅಂದ್ರೆ ರಾಹುಕಾಲ ಕಣೋ! ಪೆಟ್ಟಿಗೇನಾದ್ರೂ ಒಳ್ಳೆ ಘಳಿಗೇಲಿ ಹೊರಡ್ಲಿ. ಒಂಬತ್ತಕ್ಕೇ ಪ್ರಸ್ಥಾನ ಇಟ್ಬಿಡು."

ಪೆಟ್ಟಿಗೆ ಬೇರೆಯವರ ಮನೆ ಸೇರಿದರೆ ನಾವೂ ಹೊರಟಂತೆಯೇ ಲೆಕ್ಕ. ಚಾಳಿನ ಕೊನೆಯ ಖೋಲಿಯಲ್ಲಿ ಬಿಜಾಪುರ ಕಡೆಯ ಗಾರೆ ಕೆಲಸದ ಗೌಂಡಿ ಬಸಪ್ಪನಿದ್ದ. ಅಂದು ಅವನಿಗೆ ಕೆಲಸವಿರಲಿಲ್ಲ. ಸೂಟ್‌ಕೇಸ್ ಅವನಿಗೊಪ್ಪಿಸಿ, "ಇದು ಮತ್ತೆ ನಮ್ಮನೆ ಹೊಸಿಲು ತುಳೀಬಾರದಪ್ಪ" ಎಂದು ಅತ್ತೆ ತಾಕೀತು ಮಾಡಿದರು.

ಒಂದು ಗಂಟೆಗೆ ಹೋದರೆ ಖೋಲಿಗೆ ಬೀಗ! ಎದುರಿನ ಚಹಾದಂಗಡಿಯವನು, "ಬಸಪ್ಪಾ ಘಾಟ್ಕೋಪರ್ ಗಯಾ. ಪೇಟೀ ಭೀ ಲೇ ಗಯಾ" ಎಂದ. ಬಸಪ್ಪನ ಜೊತೆ ಘಾಟ್ಕೋಪರಿಗೆ ಹೋದ ಆ ಪೆಟ್ಟಿಗೆಯಲ್ಲೇ ಟಿಕೆಟ್ ಇತ್ತು. ನನ್ನ ಜೀವ ಬಾಯಿಗೆ ಬಂತು. ಅತ್ತೆ ಮಾತ್ರ, "ನಾನು ಹೇಳ್ಲಿಲ್ವಾ, ರಾಹುಕಾಲ!" ಎಂದು ಗೆದ್ದವರಂತೆ ನಿಂತರು.

ಚಹಾದಂಗಡಿಯವನಿಂದ ಗುರುತು ಕೇಳಿಕೊಂಡು ಲೋಕಲ್ ಹಿಡಿದೆ. ವಿಮಾನ ನಿಲ್ದಾಣಕ್ಕೆ ನಾನು ಇಳಿಯಬೇಕಿದ್ದ ವಿಲೆ ಪಾರ್ಲೆ ಬಂತು, ಹೋಯಿತು. ತಲೆಯ ಮೇಲೆ ವಿಮಾನವೊಂದು ಆರಾಮಾಗಿ ಇಳಿಯುತ್ತಿತ್ತು. ನೋಡಿ ಹೊಟ್ಟೆ ಉರಿಯಿತು. ದಾದರಿನಲ್ಲಿ ಗಾಡಿ ಬದಲಿಸಿ, ಘಾಟ್ಕೋಪರಿನಲ್ಲಿ ಬಸಪ್ಪ ದುಡಿಯುವ ಬಿಲ್ಡಿಂಗ್ ಮುಟ್ಟಿದಾಗ ಎರಡೂವರೆ. ಸೂಟ್‌ಕೇಸ್ ಮೂರನೇ ಮಹಡಿಯಲ್ಲಿ ಗಾರೆಯವರು ನಿಲ್ಲಲು ಕಟ್ಟಿದ ಸಾರುವೆಯ ಹಲಗೆಯ ಮೇಲೆ ಕೂತಿತ್ತು. ನನಗಿಂತ ಮೊದಲೇ ಅದು ಮೇಲೇರಿತ್ತು.

"ಏನೋ ಇದು ಬಸಪ್ಪಾ!" ಎಂದು ಅರಚಿದೆ.

"ಕೆಲಸಕ್ಕ ಬಾ ಅಂತ ಮುಕಾದಮ್ ಹೇಳಿ ಕಳಿಸಿದ್ರಿ, ಬರಬೇಕಾತು. ಖೋಲ್ಯಾಗ ಬಿಟ್ರ ಕಳ್ಳರ ಕಾಟ. ನಿಮ್ಮ ಮನ್ಯಾಗ ಇಡೋಣಂದ್ರ, ಹಿಂದಕ್ಕ ತರಬ್ಯಾಡ ಅಂದಾರ ಅತ್ತಿಯವ್ರು. ಅದಕ್ಕ ಮುಂದಕ್ಕ ತಂದೀನ್ರಿ."

ಸೂಟ್‌ಕೇಸ್ ಕೆಳಗಿಳಿಸಿಕೊಂಡೆ. ಅವನೇ ಓಡಿ ಟ್ಯಾಕ್ಸಿ ನಿಲ್ಲಿಸಿ, "ಬಹನ್ ಕೀ ಶಾದಿ ಹೈ, ಭಗಾವೋ!" ಎಂದ. ಡ್ರೈವರ್ ಓಡಿಸಿದ ರೀತಿಗೆ ಟ್ಯಾಕ್ಸಿಯೇ ಬೆಂಗಳೂರು ಮುಟ್ಟೀತೆಂದು ಹೆದರಿದೆ. ವಿಮಾನ ನಿಲ್ದಾಣದ ಕೌಂಟರ್ ಮುಚ್ಚುವ ಹೊತ್ತಿಗೆ, ಸಿಮೆಂಟ್ ಮೆತ್ತಿದ ಸೂಟ್‌ಕೇಸನ್ನು ಅಲ್ಲಿನ ಹುಡುಗಿ ಎರಡೇ ಬೆರಳಲ್ಲಿ ಎಳೆದುಕೊಂಡಳು.

ವಿಮಾನದಲ್ಲಿ ಒಂದು ಪೆಪ್ಪರ್‌ಮಿಂಟ್, ಒಂದು ಕಾಫಿ, ಒಂದು ಕೋಳಿನಿದ್ದೆ. ಅಷ್ಟರಲ್ಲಿ ಬೆಂಗಳೂರು! ಒಂದೂವರೆ ಗಂಟೆಯ ಪ್ರಯಾಣ ಮೂರು ಗಂಟೆಯ ಓಟದ ನಂತರ ಶುರುವಾಗಿತ್ತು, ಅಷ್ಟೇ. ಮರುದಿನ ಸುಮಾಳ ಬೊಗಸೆಗೆ ಅರಳು ಹಾಕುವಾಗ ಅರ್ಧ ನೆಲಕ್ಕೆ ಚೆಲ್ಲಿದೆ. ಪುರೋಹಿತರು ಗದರಿದರು. ಅವಳು ನಕ್ಕಳು.

ವಾಪಸು ಬಂದದ್ದು ರೈಲಿನಲ್ಲಿ, ಎರಡನೇ ದರ್ಜೆ. ಶುಕ್ರವಾರ ಸಂಜೆ ಗಂಡನೊಂದಿಗೆ ಸ್ಟೇಷನ್ನಿಗೆ ಬಂದ ಸುಮಾ ಕಿಟಕಿಯ ಸರಳು ಹಿಡಿದು ಕೇಳಿದಳು:

"ಇದು ಯಾವಾಗ ಮುಟ್ಟತ್ತೆ ಅಣ್ಣಾ?"

"ನಾಳೆ ರಾತ್ರಿ ಆಗತ್ತಮ್ಮ."

ಅವಳು ಮರದ ಸೀಟು ನೋಡಿದಳು, ನನ್ನ ಮುಖ ನೋಡಿದಳು. "ಹಾಗಾದ್ರೆ ಇನ್ನು ಬೇಗ ಬರಲ್ಲ ಬಿಡು" ಎಂದಳು.

ಅವಳ ಮಾತು ನಿಜವೆಂದು ನನಗೂ ಗೊತ್ತಿತ್ತು; ಕಿಟಕಿಯಿಂದ ಕೈ ಬೀಸಿದೆ. ಗಾಡಿ ಮಲ್ಲೇಶ್ವರ ದಾಟುವಷ್ಟರಲ್ಲಿ ಅತ್ತೇಬಿಟ್ಟೆ.